ಎರಡು ಮಡಿಕೆಯ ಅರಿವೆ

ಕಬ್ಬಿನ ನಡುವಿನ ದಾರಿಯಲ್ಲಿ ಗಾಡಿ ಮತ್ತೊಮ್ಮೆ ಕೆಮ್ಮಿ ನಿಂತಾಗ, ದಾದಾಸಾಹೇಬರು ಬಾಯೊಳಗೇ ಹೇಳಿಕೊಳ್ಳುತ್ತಿದ್ದ ಪದ್ಯವೂ ಅರ್ಧಕ್ಕೆ ನಿಂತಿತು.

ಮುಂದೆ ಕೂತಿದ್ದ ಸುಹಾಸ ಗುಂಡಿ ಒತ್ತಿದ. ಎಂಜಿನ್ನು ಹತ್ತಿಕೊಂಡಿತು. ಸುಮ್ಮನೆ ಬಿಟ್ಟರೆ ಗುರುಗುಟ್ಟುತ್ತ ಇರುತ್ತಿತ್ತು. ರೇಸು ಕೊಟ್ಟೊಡನೆ ಮಾತ್ರ ಯಾರೋ ಗಂಟಲು ಹಿಚುಕಿದ ಹಾಗೆ ಗೊಗ್ಗರು ದನಿ ತೆಗೆದು, ಹಿಂದಿನ ಕೊಳವೆಯಿಂದ ಕರೀ ಹೊಗೆ ಉಗುಳಿ ಆರಿಹೋಯಿತು.

"ಏನಾತೋ?" ಎಂದರು ದಾದಾಸಾಹೇಬರು.

"ತಿಳೀವಲ್ದ್ರಿ ಮಾಮಾ. ತಿಂಗಳಾತು, ಬರೋಬರಿ ಎಳೀವಲ್ದು. ಪ್ಲಗ್ ಬದಲ ಮಾಡ್ದೆ, ಕಾಗವಾಡಕ್ಕ ಒಯ್ದು ತೋರಿಸ್ದೆ. ಹೆಂಗೋ ನಡೀತಿತ್ತು. ಇವತ್ತ ಪೂರಾ ಹಟಕ್ಕ ಬಿದ್ದೈತಿ."

ಇವತ್ತೇ ಹಟಕ್ಕೆ ಬೀಳಬೇಕಾಗಿತ್ತೆ ಎಂದು ದಾದಾಸಾಹೇಬರು ಹೊತ್ತು ನೋಡಿದರು.

ಚಂದ್ರಮತಿ ದಾದಾಸಾಹೇಬರ ಅಕ್ಕ, ಸುಹಾಸನ ತಾಯಿ. ಹೊಟ್ಟೆಯಲ್ಲಿ ಬೆಳೆದ ರೋಗಕ್ಕೆ ಮೀರಜದ ಡಾಕ್ಟರರು ಕೈಚೆಲ್ಲಿದ ಮೇಲೆ, ಮುನಿಗಳ ಅಪ್ಪಣೆ ಪಡೆದು ಸಲ್ಲೇಖನ ಹಿಡಿದಿದ್ದಳು. ಮೊದಲು ಕಾಳು ಬಿಟ್ಟಳು. ಆಮೇಲೆ ಹಾಲು, ಆಮೇಲೆ ಮಜ್ಜಿಗೆ. ನಿನ್ನೆಯಿಂದ ನೀರೂ ಇಲ್ಲ. ಹೊಳೆಸಾಲಿನ ತೋಟದ ಮನೆಯ ಅಂಗಳ ದಾಟುವುದಿಲ್ಲ ಎಂದು ತನಗೆ ತಾನೇ ಮೇರೆ ಹಾಕಿಕೊಂಡಿದ್ದಳು. ಅವಳನ್ನು ಊರಿಗೆ ತರುವ ಮಾತು ಹಾಗಾಗಿ ಇರಲೇ ಇಲ್ಲ. ಅವಳು ಕೇಳಿಕೊಂಡದ್ದು ಒಂದೇ: ಹೋಗುವ ಮುಂಚೆ ತಮ್ಮ ಬಂದು ಕ್ಷಮೆಯ ಪದಗಳನ್ನು ಹೇಳಬೇಕು.

ಆ ಪದಗಳು ಅವರ ತಂದೆಯ ಬಾಯಿಂದ ಬಂದವು. ಮಣ್ಣಿನಲ್ಲಿರುವ ಜೀವ, ನೀರಿನಲ್ಲಿರುವ ಜೀವ, ಬೆಂಕಿಯಲ್ಲಿ, ಗಾಳಿಯಲ್ಲಿ, ಹಸಿರಿನಲ್ಲಿರುವ ಜೀವ, ತೆವಳುವುದು, ಹರಿಯುವುದು, ಹಾರುವುದು, ಹೀಗೆ ಒಂದೊಂದರ ಹೆಸರು ಹಿಡಿದು, ತಿಳಿದೋ ತಿಳಿಯದೆಯೋ ನಿನಗೆ ನೋವು ಮಾಡಿದೆ, ಮನ್ನಿಸು ಎಂದು ಕೇಳುತ್ತ ಹೋಗುವ ಪದಗಳು. ತಂದೆ ಹೋದ ಮೇಲೆ ಶೇಡಬಾಳದ ಮನೆಯಲ್ಲಿ ಅವನ್ನು ದಾದಾಸಾಹೇಬರೇ ಹೇಳುತ್ತ ಬಂದರು. ಚಂದ್ರಮತಿ ಬಾಗಿಲ ಹಿಂದೆ ಕೂತು ಕೇಳುತ್ತಿದ್ದಳು. ಸಾಲು ತಪ್ಪಿದರೆ ಬಳೆ ಸಪ್ಪಳ ಮಾಡುತ್ತಿದ್ದಳು. ಗಂಡ ತೀರಿ ಬಳೆ ಹೋದ ಮೇಲೆ, ಬೆರಳಿನಿಂದ ಚೌಕಟ್ಟಿಗೆ ಬಡಿಯುತ್ತಿದ್ದಳು. ಆ ಸಪ್ಪಳ ಕೇಳಿದರೆ ದಾದಾಸಾಹೇಬರು ವಾದಕ್ಕೆ ಹೋಗದೆ ಸಾಲಿನ ಮೊದಲಿಗೆ ಮರಳುತ್ತಿದ್ದರು. ತಪ್ಪಿದ್ದು ತಾವೇ ಎಂಬುದು ಅವರಿಗೆ ಗೊತ್ತಿರುತ್ತಿತ್ತು.

ಮಧ್ಯಾಹ್ನ ಊಟದ ಹೊತ್ತಿಗೆ ಸುಹಾಸನ ಹೆಂಡತಿ ರೂಪಾಲಿ ಅತ್ತೆಯ ಕಿವಿಯ ಹತ್ತಿರ ಫೋನು ಹಿಡಿದಿದ್ದಳು. ಈ ಕಡೆಯಿಂದ ದಾದಾಸಾಹೇಬರು ಮೊದಲ ಪದ್ಯ ಎತ್ತಿಕೊಂಡಿದ್ದರು. ಚಂದ್ರಮತಿ ಮುಖ ತಿರುವಿದ್ದು ಅವರಿಗೆ ಕಾಣಲಿಲ್ಲ, ಮಾತು ಮಾತ್ರ ಕೇಳಿಸಿತು: "ಈ ಡಬ್ಬಿ ಒಳಗಿಂದ ಬ್ಯಾಡ. ಎದರಿಗೆ ಕೂತು ಹೇಳ್ಲಿ. ತಪ್ಪಿದ್ರ ತಿದ್ದಬೇಕಲ್ಲ."

ಆ ದನಿ ಎಷ್ಟು ತೆಳ್ಳಗಾಗಿತ್ತೆಂದರೆ, ದಾದಾಸಾಹೇಬರು ಊಟದ ತಾಟು ಸರಿಸಿ ಎದ್ದುಬಿಟ್ಟರು.

ಉಗಾರದ ತನಕ ಕಾರು ಬಂತು. ಅಲ್ಲಿಂದ ಮುಂದೆ ಎರಿ ಮಣ್ಣಿನ ದಾರಿ. ಶ್ರಾವಣದ ಜಿಟಿಜಿಟಿ ಮಳೆಗೆ ಅದು ಹದವಾಗಿ ನಾದಿದ ಹಿಟ್ಟಿನಂತಾಗಿತ್ತು. ಕೃಷ್ಣೆ ಏರಿ ತಗ್ಗಿನ ಹೊಲಗಳಿಗೆ ಹಿನ್ನೀರು ನುಗ್ಗಿತ್ತು. ದಾರಿಯ ನಡುವೆ ಒಂದು ಟ್ರ್ಯಾಕ್ಟರು ನಿನ್ನೆಯಿಂದ ಅಚ್ಚಿನ ಮಟ ಹುಗಿದು ನಿಂತಿತ್ತು. ಸೊಂಟದ ಕೀಲು ಬದಲಾಯಿಸಿಕೊಂಡು ಕೋಲು ಹಿಡಿದು ನಡೆಯುವ ದಾದಾಸಾಹೇಬರಿಗೆ ಅಲ್ಲಿ ಹೆಜ್ಜೆ ಇಡುವುದೂ ಸಾಧ್ಯವಿರಲಿಲ್ಲ. ಆ ಕೆಸರಿನಲ್ಲಿ ಹೋಗುವಂಥದ್ದು ಒಂದೇ. ಪನ್ಹಾಳದ ಕಡೆಯ ಯಾವುದೋ ರೆಸಾರ್ಟಿನವರು ಮಾರಿದ್ದನ್ನು ಸುಹಾಸ ತಂದಿದ್ದ ನಾಲ್ಕು ಗಾಲಿಯ ಎಟಿವಿ. ಅಗಲ ಟಯರು, ಬೈಕಿನಂಥ ಹ್ಯಾಂಡಲ್ಲು, ಕುದುರೆಯ ಮೇಲೆ ಕೂತಂತೆ ಕೂರುವ ಸೀಟು. ಗೊಬ್ಬರದ ಚೀಲ, ಔಷಧದ ಟಾಕಿ ಎಲ್ಲವನ್ನೂ ಕಬ್ಬಿನೊಳಗೆ ಎಳೆದುಕೊಂಡು ಹೋಗುತ್ತಿತ್ತು. ಕೆಸರಲ್ಲಿ ಅದು ಹೋಗುವ ಚಂದ ನೋಡಿ ಮಂದಿ ಅದಕ್ಕೆ ಏಡಿ ಎಂದು ಹೆಸರಿಟ್ಟಿದ್ದರು.

ಆ ಏಡಿ ಈಗ ಅರ್ಧ ದಾರಿಯಲ್ಲಿ ಕಾಲು ಮಡಚಿ ಕೂತಿತ್ತು. ಹಿಂದಕ್ಕೂ ಇಲ್ಲ, ಮುಂದಕ್ಕೂ ಇಲ್ಲ. ಹೊತ್ತು ಕಬ್ಬಿನ ಗರಿಗಳ ಆಚೆ ವಾಲತೊಡಗಿತ್ತು.

"ನಾ ಹೊತ್ಕೊಂಡ ಹೋಗ್ತೀನ್ರಿ, ಬರ್ರಿ," ಎಂದ ಸುಹಾಸ, ಬೆನ್ನು ಬಗ್ಗಿಸಿ.

"ನನ್ನ ಹೊತ್ತರ ಆ ಟ್ರ್ಯಾಕ್ಟರಿನ ಬಾಜೂಕ ನಾವಿಬ್ಬರೂ ಹುಗದ ನಿಂದರ್ತೀವು. ಗಾಡಿ ನೋಡು."

ಬದುವಿನ ಮೇಲಿನ ದನದ ಕೊಟ್ಟಿಗೆಯಿಂದ ಗೊಬ್ಬರಚೀಲದ ಕೊಪ್ಪೆ ಹೊದ್ದು ಮುರಗೆಪ್ಪ ಇಳಿದು ಬಂದ. ಪಕ್ಕದ ಹೊಲದವನು. ಕಾರಖಾನೆಗೆ ಕಬ್ಬು ಸಾಗಿಸಲು ಟ್ರ್ಯಾಕ್ಟರು ಇಟ್ಟವನು, ಅದನ್ನು ಬಿಚ್ಚಿ ಜೋಡಿಸಿ ಎಲ್ಲ ಎಂಜಿನ್ನೂ ತನಗೆ ಗೊತ್ತು ಎಂಬ ನಂಬಿಕೆಯವನು. ಹುಗಿದು ನಿಂತದ್ದು ಅವನದೇ ಟ್ರ್ಯಾಕ್ಟರು.

"ಯಾಕ ತಮ್ಮಾ, ನಿನ್ನ ಏಡಿನೂ ಕುಂತಿತೇನು? ನಿನ್ನೆ ನನ್ನ ಗಾಡಿ ನೋಡಿ ಹಲ್ಲ ಕಿಸದಿದ್ದಿ. ದೇವ್ರು ಉದ್ರಿ ಇಡೂದಿಲ್ಲ ನೋಡು."

"ಕಾಕಾ, ಅವ್ವ ಹೊಂಟಾಳ," ಎಂದ ಸುಹಾಸ. "ಮಾಮಾನ ಕರ್ಕೊಂಡ ಹೊಂಟೀನಿ."

ಮುರಗೆಪ್ಪ ಕೊಪ್ಪೆ ತೆಗೆದು ಕೈಯಲ್ಲಿ ಹಿಡಿದ. ಮಳೆ ಅವನ ಬೋಳುತಲೆಯ ಮೇಲೆ ಬಿದ್ದಿತು. "ತಪ್ಪಾತ್ರಿ ದಾದಾಸಾಹೇಬ್ರ. ತಡೀರಿ, ಪಾನಾ ತರ್ತೀನಿ," ಎಂದು ಹೊರಳಿದ.

ಅವನು ತಂದ ಪಾನಾ, ಪಕ್ಕಡಗಳ ಸಲಕರಣೆ ಚೀಲ ಬದುವಿನ ಮೇಲೆ ಬಿಚ್ಚಿಕೊಂಡಿತು. ದಾದಾಸಾಹೇಬರು ಸೀಟಿನಿಂದ ಇಳಿದು, ಕೊಟ್ಟಿಗೆಯಿಂದ ತಂದ ಮಣೆಯ ಮೇಲೆ ಛತ್ರಿ ಹಿಡಿದು ಕೂತರು. ಬಾಯೊಳಗೆ ಪದಗಳನ್ನು ಮತ್ತೆ ಮೊದಲಿನಿಂದ ಹಿಡಿದರು. ಮಣ್ಣಿನ ಜೀವದ ಪದ್ಯ ಬಂತು. ನೀರಿನದು ಬಂತು. ಗಾಳಿಯದಕ್ಕೆ ಬರುವ ಹೊತ್ತಿಗೆ ಮನಸ್ಸು ಪಾನಾದ ಸಪ್ಪಳದ ಕಡೆ ಹೊರಳಿ ಸಾಲು ಕೈಬಿಟ್ಟಿತು. ತಿದ್ದಲು ಚೌಕಟ್ಟಿನ ಮೇಲೆ ಬೆರಳಿರಲಿಲ್ಲ.

ಮುರಗೆಪ್ಪ ಪ್ಲಗ್ ಬಿಚ್ಚಿದ. ಅದನ್ನು ಅದರ ವಾಯರಿಗೇ ಸಿಕ್ಕಿಸಿ, ಎಂಜಿನ್ನಿನ ಮೈಗೆ ತಾಗಿಸಿ ಹಿಡಿದು, "ಹೂಂ, ಒತ್ತು," ಎಂದ. ಸುಹಾಸ ಗುಂಡಿ ಒತ್ತಿದ. ಪ್ಲಗ್ಗಿನ ತುದಿಯಲ್ಲಿ ನೀಲಿ ಕಿಡಿ ಚಟಚಟ ಹಾರಿತು.

"ಬೆಂಕಿ ಚಲೋ ಐತಿ. ಹಂಗಾರ ಪೆಟ್ರೋಲಿನಾಗ ನೀರ ಹೊಕ್ಕೈತಿ. ಬೇಕಾರ ಬರದ ಕೊಡ್ತೀನಿ."

ಕಾರ್ಬೊರೇಟರಿನ ತಳದ ತಿರುಪು ಸಡಿಲಿಸಿ, ಒಂದು ಗಾಜಿನ ಲೋಟದಲ್ಲಿ ಪೆಟ್ರೋಲೆಣ್ಣೆ ಹಿಡಿದ. ಇಬ್ಬರೂ ಅದನ್ನು ಬೆಳಕಿಗೆ ಎತ್ತಿ ನೋಡಿದರು. ನೀರಿದ್ದರೆ ತಳದಲ್ಲಿ ಬೇರೆಯಾಗಿ ಗುಂಡಗೆ ಕೂರುತ್ತದೆ. ಏನೂ ಕೂರಲಿಲ್ಲ. ಎಣ್ಣೆ ತಿಳಿಯಾಗಿತ್ತು.

"ಬರದ ಕೊಡವರಿದ್ದಿರಿ," ಎಂದ ಸುಹಾಸ.

"ಕಾಗದ ಎಲ್ಲೈತೋ? ಟಾಕಿ ಮುಚ್ಚಳ ತಗಿ. ಮುಚ್ಚಳದ ತೂತು ಕಟ್ಟಿದ್ರ ಎಣ್ಣಿ ಇಳಿಯೂದಿಲ್ಲ."

ಪ್ಲಗ್ ಮರಳಿ ಹಾಕಿ, ಮುಚ್ಚಳ ತೆಗೆದು ಓಡಿಸಿದರು. ಅದೇ ಗೊಗ್ಗರು, ಅದೇ ಕರೀ ಹೊಗೆ. ಹೊಗೆಯ ಕೊಳವೆಗೆ ಕೆಸರು ತುಂಬಿರಬೇಕೆಂದು ಮುರಗೆಪ್ಪ ಕಡ್ಡಿ ಹಾಕಿ ಕೆದಕಿದ. ಕಡ್ಡಿ ಸಲೀಸಾಗಿ ಒಳಗೆ ಹೋಗಿ ಬರೀ ಮಸಿ ಹತ್ತಿಸಿಕೊಂಡು ಬಂತು. ಅವನು ಪ್ಲಗ್ ಮತ್ತೆ ಬಿಚ್ಚಿ ನೋಡಿ, ತಲೆ ಕೆರೆದುಕೊಂಡು, ಹಣೆಗೆಲ್ಲ ಕರೀ ಬಳಿದುಕೊಂಡ.

ಅಷ್ಟರಲ್ಲಿ ಸುಹಾಸನಿಗೆ ಫೋನು ಬಂತು. ರೂಪಾಲಿ. ದನಿ ಒಡೆದು ಒಡೆದು ಬರುತ್ತಿತ್ತು. "ಎಲ್ಲಿದ್ದೀರಿ? ಅತ್ತಿ ಈಗ ಕಣ್ಣ ತಗದಿದ್ರು. ದಾದಾ ಬಂದನೇನು ಅಂತ ಕೇಳಿದ್ರು. ಬರಾಕತ್ತಾರ ಅಂದೆ. ಮತ್ತ ಕಣ್ಣ ಮುಚ್ಯಾರ. ಉಸರಿನ ನಡುವ ಭಾಳ ಹೊತ್ತ ತಡೀತಾರ್ರಿ. ಲಗೂನ ಬರ್ರಿ."

ಸುಹಾಸ ಫೋನು ಕಿಸೆಗೆ ಹಾಕಿ, ಗಾಡಿಯ ಟಯರಿಗೆ ಒದ್ದ. ಕೆಸರು ಅವನ ಮುಖಕ್ಕೇ ಸಿಡಿಯಿತು.

"ಆ ಪ್ಲಗ್ ಇಲ್ಲಿ ಕೊಡು," ಎಂದರು ದಾದಾಸಾಹೇಬರು. ಯಾಕೆ ಕೇಳಿದರೋ ಅವರಿಗೂ ಗೊತ್ತಿರಲಿಲ್ಲ. ಕೈಗೆ ಏನಾದರೂ ಬೇಕಿತ್ತು. ಹೋದ ವಾರ ಹಾಕಿದ ಹೊಸ ಪ್ಲಗ್ಗಂತೆ. ಬೆರಳು ತಾಗಿಸಿದಲ್ಲೆಲ್ಲ ಕಾಡಿಗೆಯಂಥ ಕರೀ. "ಗೂಡಿನಾಗ ದೀಪ ಇಟ್ಟು ಬಾಗಲಾ ಮುಚ್ಚಿದ್ರ ಹಿಂಗ ಕರಿ ಹಿಡೀತಿತ್ತು ನಮ್ಮ ಮನ್ಯಾಗ," ಎಂದರು, ತಮಗೆ ತಾವೇ.

ಮುರಗೆಪ್ಪ ಹಣೆಯ ಮೇಲಿನ ಕೈ ಇಳಿಸಿದ. "ಹೌದ್ರಲಾ. ಎಣ್ಣಿ ಬರಾಕತ್ತೈತಿ, ಬೆಂಕಿ ಐತಿ. ಗಾಳಿ ಸಾಲವಲ್ದು. ಸೀಟ ತಗಿಯೋ ತಮ್ಮಾ."

ಸೀಟಿನ ಕೆಳಗೆ ಗಾಳಿಪೆಟ್ಟಿಗೆ. ಅದರೊಳಗೆ ಧೂಳು ತಡೆಯುವ ಸ್ಪಂಜು. ಮುರಗೆಪ್ಪ ಅದನ್ನು ಹೊರಗೆಳೆದು ಎರಡೂ ಕಡೆ ತಿರುವಿ ನೋಡಿದ. ಸ್ಪಂಜು ಸ್ವಚ್ಛವಾಗಿತ್ತು. ಒಗೆದು ಇಟ್ಟಂತೆ ಇತ್ತು.

"ಇದನ್ನ ಯಾವಾಗ ತೊಳದಿ?"

"ನಾ ಎಲ್ಲಿ ತೊಳದೀನಿ ಕಾಕಾ? ಈ ಮಳಿಗಾಲ ಮುಟ್ಟೇ ಇಲ್ಲ."

"ತಿಂಗಳಗಟ್ಲೆ ಹೊಲದಾಗ ಅಡ್ಡಾಡಿದ ಗಾಡಿ. ಇದರ ಮ್ಯಾಲ ಒಂದ ಹುಳದ ರೆಕ್ಕಿ ಇಲ್ಲಲೋ." ಮುರಗೆಪ್ಪ ಪ್ಲಗ್ ಇಸಿದುಕೊಂಡು ಒರೆಸಿ ಹಾಕಿ, ಪೆಟ್ಟಿಗೆಯ ಮುಚ್ಚಳ ಹಾಕದೆ ಹಾಗೇ ಬಿಟ್ಟು, "ಈಗ ಚಾಲೂ ಮಾಡು," ಎಂದ.

ಎಂಜಿನ್ನು ಒಂದೇ ಗುಂಡಿಗೆ ಹತ್ತಿತು. ರೇಸು ಕೊಟ್ಟರೆ ಕಬ್ಬಿನ ಗರಿ ಅದುರುವಂತೆ ಕೂಗಿತು. ದನಿಯಲ್ಲಿ ಕಫವಿರಲಿಲ್ಲ. ಸುಹಾಸ ಮುಚ್ಚಳ ಒತ್ತಿದ, ಗಂಟಲು ಹಿಚುಕಿತು. ಕೈ ತೆಗೆದ, ಮತ್ತೆ ಕೂಗಿತು.

"ಪೆಟ್ಟಿಗಿಗೆ ಗಾಳಿ ಬರೂ ದಾರಿ ಕಟ್ಟೈತಿ," ಎಂದ ಮುರಗೆಪ್ಪ. "ಆ ನಳಗಿ ಎಲ್ಲಿಗೆ ಹೋಗೈತಿ ನೋಡು."

ಪೆಟ್ಟಿಗೆಯಿಂದ ಹೊರಟ ಕರೀ ರಬ್ಬರಿನ ಕೊಳವೆ ಟಾಕಿಯ ಬದಿಗೆ ಹಾದು, ನೀರು ಹೊಗದಿರಲೆಂದು ಹ್ಯಾಂಡಲ್ಲಿನ ತನಕ ಎತ್ತರಕ್ಕೆ ಹೋಗಿ, ಅಲ್ಲಿಯ ಪ್ಲಾಸ್ಟಿಕ್ ಕವಚದ ಅಡಿಯಲ್ಲಿ ಬಾಯಿ ತೆರೆದಿತ್ತು. ಸುಹಾಸ ಕವಚದ ತಿರುಪು ಬಿಚ್ಚಿ ಎತ್ತಿದ.

ಕೊಳವೆಯ ಬಾಯಿಗೆ ಒಂದು ಅರಿವೆ ಕಟ್ಟಿತ್ತು.

ಒಂದು ಕಾಲಕ್ಕೆ ಬಿಳಿಯದು. ಈಗ ಕೆಸರು ಸಿಡಿದು, ಮಳೆ ಕುಡಿದು, ತೊಗಲಿನಂತೆ ಬಾಯಿಗೆ ಅಂಟಿಕೊಂಡಿತ್ತು. ಅದರ ಮೇಲೆ ಮಳೆಹುಳಗಳು, ಮಳೆ ಬಿದ್ದ ಮೇಲೆ ನೆಲದಿಂದ ಏಳುವ ರೆಕ್ಕೆ ಬಂದ ಗೆದ್ದಲುಗಳು, ಒಂದರ ಮೇಲೊಂದು ಹತ್ತಿದ್ದವು. ಬರೀ ರೆಕ್ಕೆಗಳೂ ಇದ್ದವು. ಕೆಲವು ಇನ್ನೂ ಕಾಲು ಆಡಿಸುತ್ತಿದ್ದವು.

"ಯಾವ ಸೂಳಿಮಗ—" ಎಂದು ಬಾಯಿ ತೆಗೆದ ಮುರಗೆಪ್ಪ, ದಾದಾಸಾಹೇಬರ ಮುಖ ನೋಡಿ ನಿಲ್ಲಿಸಿದ.

ದಾದಾಸಾಹೇಬರು ಕೋಲು ಊರಿ ಹತ್ತಿರ ಬಂದರು. ಅರಿವೆಯ ಅಂಚಿಗೆ ನೀಲಿ ದಾರದ ಹೊಲಿಗೆ. ಎರಡು ಮಡಿಕೆ. ಗಂಟು ಬಿಗಿಗಂಟಲ್ಲ, ಒಂದು ತುದಿ ಎಳೆದರೆ ಬಿಚ್ಚಿಕೊಳ್ಳುವ ಕುಣಿಕೆ. ಹೊತ್ತು ಹುಟ್ಟುವ ಮೊದಲು ಕೊಡದ ಬಾಯಿಗೆ ಆ ಅರಿವೆ ಕಟ್ಟಿ, ಬಾವಿಯ ನೀರನ್ನು ಅದರಲ್ಲಿ ಸೋಸಿ, ಕುಣಿಕೆ ಎಳೆದು ಬಿಚ್ಚಿ, ಅರಿವೆಯನ್ನು ತಿರುವಿ, ಸೋಸಿದ ನೀರನ್ನೇ ಅದರ ಮೇಲೆ ಹೊಯ್ದು, ಅದರಲ್ಲಿ ಉಳಿದ ಕಣ್ಣಿಗೆ ಕಾಣದ ಜೀವಗಳನ್ನು ಬಂದ ಬಾವಿಗೇ ಮರಳಿ ಬಿಡುವ ಕೈಗಳನ್ನು ದಾದಾಸಾಹೇಬರು ಬುದ್ಧಿ ಬಂದಾಗಿನಿಂದ ನೋಡಿದ್ದರು. ಬಿಗಿಗಂಟು ಹಾಕಿದರೆ ಗಂಟಿನೊಳಗೆ ಜೀವ ಸಿಕ್ಕುತ್ತದೆ ಎನ್ನುತ್ತಿದ್ದಳು ಅವಳು.

"ಅಕ್ಕನ ಗಾಳಸೂ ಅರಿವಿ," ಎಂದರು.

ಸುಹಾಸ ಕೆಸರಿನಲ್ಲೇ ಕುಕ್ಕರುಗಾಲಲ್ಲಿ ಕೂತ. "ಚಾತುರ್ಮಾಸ ಹಿಡಿಯೂ ಮುಂದ," ಎಂದ, "ಗೋಡಿ ಹಿಡಕೊಂಡ ಅಂಗಳಕ್ಕ ಬಂದಿದ್ಲು. ಇದರ ಮ್ಯಾಲ ಕೈಯಾಡಿಸಿ, ಇದು ಎಲ್ಲಿಂದ ಉಸರ ತಗೋತೈತೋ ಅಂತ ಕೇಳಿದ್ಲು. ನಾ ನಕ್ಕೊಂತ, ಕವಚದ ಅಡಿಗೆ ಅಕಿ ಕೈ ಹಾಕಿಸಿ ಈ ಬಾಯಿ ತೋರಿಸ್ದೆ. ಮಳಿಗಾಲದಾಗ ಎಷ್ಟ ಹುಳಾ ಒಳಗ ಹೋಗ್ತಾವು ಅಂದ್ಲು. ಹೋಗ್ತಾವಬೇ, ಏನ್ಮಾಡೂದು ಅಂದೆ. ಸುಮ್ನಾದ್ಲು. ಸುಮ್ನಾದ್ಲು ಅಂತ ತಿಳಕೊಂಡೆ."

ಮಳೆ ಸಣ್ಣಗೆ ಬೀಳುತ್ತಲೇ ಇತ್ತು. ಒಣ ಹವೆಯಲ್ಲಿ ಆ ಅರಿವೆಯೊಳಗಿಂದ ಗಾಳಿ ಹೇಗೋ ನುಸುಳಿರಬೇಕು. ಇವತ್ತು ತೊಯ್ದು, ಹುಳ ಮೆತ್ತಿ, ಪೂರ್ತಿ ಮುಚ್ಚಿತ್ತು.

"ಹಂಗಾರ ಚಿಂತಿ ಹರೀತು," ಎಂದ ಮುರಗೆಪ್ಪ. "ಕಿತ್ತು ಒಗೀರಿ, ಹೊಂಡ್ರಿ."

ದಾದಾಸಾಹೇಬರ ಕೈ ಕುಣಿಕೆಯ ಮೇಲೇ ಇತ್ತು. ಒಂದು ತುದಿ ಎಳೆದರೆ ಸಾಕು. ಅಕ್ಕ ಅಲ್ಲಿ ಉಸಿರಿನ ನಡುವೆ ತಡೆಯುತ್ತಿದ್ದಾಳೆ. ಇನ್ನು ಸ್ವಲ್ಪ ಹೊತ್ತಿಗೆ ಇದೇ ದಾರಿಯಲ್ಲಿ ಬೆಳಕಿಗೆ ಮಳೆಹುಳ ಮುಗಿಲು ಮುಗಿಲಾಗಿ ಏಳುತ್ತವೆ. ಎಳೆಯಲು ಬೆರಳು ಬಾಗಿಸಿದರು. ಬಾಗಿದ ಬೆರಳು ಹಾಗೇ ನಿಂತಿತು.

"ಎಳೀರಿ ಮಾಮಾ," ಎಂದ ಸುಹಾಸ.

"ಅಕಿ ಕೇಳ್ತಾಳೋ."

"ಏನ ಕೇಳ್ತಾಳ್ರಿ?"

"ಹೋದ ಕೂಡ್ಲೆ ಕೇಳ್ತಾಳ, ಅರಿವಿ ಎಲ್ಲಿ ಅಂತ. ಗಾಡಿ ಸಪ್ಪಳ ಕೇಳಿದ್ರ ನೆನಪಾಗತೈತಿ. ಇವತ್ತ ಅಕಿ ಮುಂದ ಸುಳ್ಳ ಹೇಳಾಕ ನನಗ ಬಾಯಿಲ್ಲ."

ಸುಹಾಸ ಎದ್ದು ನಿಂತ. "ಶೇಡಬಾಳದಿಂದ ಕಾರಿನ್ಯಾಗ ಬಂದ್ರಿ. ಕಾರಿನ ಮುಂದಿನ ಕಾಚಿಗಿ ಎಷ್ಟ ಹುಳಾ ಬಡದ್ವು, ಎಣಿಸೀರೇನು? ಅವ್ವ ದೊಡ್ಡಾಕಿಯೋ, ಹುಳಾ ದೊಡ್ಡೂವೋ?"

"ಎಣಿಸಿಲ್ಲೋ," ಎಂದರು ದಾದಾಸಾಹೇಬರು. "ಕಾರಿನ್ಯಾಗ ಬರೂ ಮುಂದ ಈ ಅರಿವಿ ನನ್ನ ಕೈಯಾಗ ಇರಲಿಲ್ಲ. ಈಗ ಐತಿ. ಅಕಿ ಕಟ್ಟಿದ್ದನ್ನ ಹರದು, ಹಾರೂ ಜೀವ ನುಂಗಿಕೋತ ಹೋಗಿ, ಹಾರೂ ಜೀವದ ಕ್ಷಮಾ ಕೇಳೂ ಪದ ಅಕಿ ಎದರಿಗೆ ಹ್ಯಾಂಗ ಹೇಳ್ಲಿ?"

ಸುಹಾಸ ಬೇರೆ ಕಡೆ ಮುಖ ಮಾಡಿದ. ಮುರಗೆಪ್ಪ ಮಾತ್ರ ಕೊಳವೆಯ ಬಾಯನ್ನೇ ನೋಡುತ್ತಿದ್ದ. ಮಾತಿಗಿಂತ ತೂತು ಅವನಿಗೆ ಹೆಚ್ಚು ತಿಳಿಯುವ ವಸ್ತು.

"ಅರಿವಿ ತಪ್ಪಲ್ರಿ," ಎಂದ. "ಬಾಯಿ ಸಣ್ಣದಾಗೇತಿ. ಇಷ್ಟಗಲ ಬಾಯಿಗೆ ಎರಡ ಮಡಿಕಿ ತೊಯ್ದ ಅರಿವಿ ಬಿಗದ್ರ ಮನಷ್ಯಾನೂ ಸಾಯ್ತಾನ. ಅರಿವಿ ಇರ್ಲಿ, ಬಾಯಿ ದೊಡ್ಡದ ಮಾಡೂಣು. ಒಂದ ಬುಟ್ಟಿ ಬೇಕು."

"ಕೊಟ್ಟಿಗ್ಯಾಗ ಹೆಂಡಿ ಬುಟ್ಟಿ ಕಂಡಿದ್ದೆ," ಎಂದ ಸುಹಾಸ, ಮುಖ ಒರೆಸಿಕೊಂಡು.

"ನಿಮ್ಮವ್ವ ಕಟ್ಟಿದ ಅರಿವಿ ಹೆಂಡಿ ಬುಟ್ಟಿಗೆ ಸುತ್ತತಿಯೇನಲೇ? ನನ್ನ ರೊಟ್ಟಿ ಬುಟ್ಟಿ ಐತಿ. ನನ್ನ ಹೇಣ್ತಿ ರುಕ್ಮವ್ವನ ತವರಮನಿದು. ಬೈಸ್ಕೊಂಡ್ರಾತು, ಹೊಸದೇನಲ್ಲ."

ಬಿದಿರಿನ ಸಣ್ಣ ಬುಟ್ಟಿ. ಮುರಗೆಪ್ಪ ಉಳಿದಿದ್ದ ರೊಟ್ಟಿಯನ್ನು ಟವೆಲಿನಲ್ಲಿ ಕಟ್ಟಿಟ್ಟು ಬುಟ್ಟಿ ಜಾಡಿಸಿ ತಂದ. ದಾದಾಸಾಹೇಬರು ಕುಣಿಕೆ ಎಳೆದರು. ಅರಿವೆ ಬಿಚ್ಚಿಕೊಂಡಿತು. ಅದನ್ನು ಹಾಗೇ ಹಿಡಿದು ಬದುವಿನ ಹುಲ್ಲಿನ ಮೇಲೆ ತಿರುವಿ ಸಾವಕಾಶ ಜಾಡಿಸಿದರು. ಬದುಕಿದ್ದವು ಹುಲ್ಲಿನೊಳಗೆ ಸರಿದವು. ಸರಿಯದವನ್ನು ನೋಡುತ್ತ ನಿಲ್ಲಲು ಹೊತ್ತಿರಲಿಲ್ಲ. ಮುರಗೆಪ್ಪ ಕೊಟ್ಟಿಗೆಯ ಒಲೆಯ ಬಿಸಿ ಬೂದಿಯ ಮೇಲೆ ಅರಿವೆಯನ್ನು ಕಾಸಿ, ಹಿಂಡಿ, ಮತ್ತೆ ಕಾಸಿ ತಂದುಕೊಟ್ಟ. ಬುಟ್ಟಿಯ ತಳಕ್ಕೆ ತೂತು ಮಾಡಿ ಕೊಳವೆಯ ಬಾಯಿಗೆ ಸಿಕ್ಕಿಸಿದರು. ಬುಟ್ಟಿಯ ಸುತ್ತ ಅರಿವೆಯನ್ನು ಬಿಚ್ಚಿ ಹೊದಿಸಿ, ಕೆಳಗೆ ಕೊಳವೆಯ ಕುತ್ತಿಗೆಗೆ ಸೇರಿಸಿ ಸೈಕಲ್ ಟ್ಯೂಬಿನ ಪಟ್ಟಿಯಿಂದ ಬಿಗಿದರು. ಬುಟ್ಟಿ ಪೂರಾ ಮುಚ್ಚಬೇಕಾದರೆ ಅರಿವೆ ಒಂದೇ ಮಡಿಕೆಗೆ ಮಾತ್ರ ಸಾಲುತ್ತಿತ್ತು.

"ಒಂದ ಮಡಿಕಿ ನಡೀತೈತೇನ್ರಿ ನಿಮ್ಮಾಗ?" ಎಂದು ಕೇಳಿದ ಮುರಗೆಪ್ಪ.

"ನೀರಿಗೆ ಎರಡು ಅಂದಾರ. ಎಂಜಿನ್ನಿಗೆ ಎಷ್ಟಂತ ಯಾರೂ ಹೇಳಿಟ್ಟಿಲ್ಲ," ಎಂದರು ದಾದಾಸಾಹೇಬರು. "ಅದನ್ನೂ ಅಕಿನ್ನ ಕೇಳ್ತೀನಿ."

ಸ್ಪಂಜು ಮರಳಿ ಇಟ್ಟರು. ಗಾಳಿಪೆಟ್ಟಿಗೆಯ ಮುಚ್ಚಳ ಬಿಗಿದರು. ಸುಹಾಸ ಗುಂಡಿ ಒತ್ತಿ, ಉಸಿರು ಹಿಡಿದು ರೇಸು ಕೊಟ್ಟ. ಅರಿವೆ ಬುಟ್ಟಿಯ ಸಂದುಗಳಿಗೆ ಒತ್ತಿ ಒಳಗೆ ಸರಿಯಿತು, ಎದೆ ಉಸಿರು ಎಳೆದ ಹಾಗೆ. ಎಂಜಿನ್ನು ಸ್ವಲ್ಪ ತೊದಲಿತು, ಆಮೇಲೆ ಹಿಡಿದುಕೊಂಡಿತು. ಮೊದಲಿನ ಜೋರಿರಲಿಲ್ಲ. ಆದರೆ ಆರಲಿಲ್ಲ.

"ಓಡಿಸಬ್ಯಾಡ, ನಡಸ್ಕೊಂಡ ಹೋಗು," ಎಂದು ಕೂಗಿದ ಮುರಗೆಪ್ಪ. "ಅರಿವಿ ತೋಯ್ಸಬ್ಯಾಡ್ರಿ ಮತ್ತ."

ದಾದಾಸಾಹೇಬರು ಹಿಂದೆ ಕೂತು ತೋಳು ಚಾಚಿ, ಸುಹಾಸನ ಹೆಗಲ ಮೇಲಿಂದ ಛತ್ರಿಯನ್ನು ಬುಟ್ಟಿಯ ಮೇಲೆ ಹಿಡಿದರು. ಮಳೆ ಇಬ್ಬರ ಬೆನ್ನ ಮೇಲೂ ಬಿತ್ತು. ಕಬ್ಬಿನ ಗರಿ ಮುಖ ಸವರಿದವು. ಹಿನ್ನೀರು ನಿಂತಲ್ಲಿ ಏಡಿ ಗಾಲಿ ಮುಳುಗಿಸಿ, ತೊದಲುತ್ತ, ಸಾವಕಾಶ ದಾಟಿತು. ಬೆಳಕು ಮಣ್ಣಿನ ಬಣ್ಣಕ್ಕೆ ತಿರುಗುತ್ತಿತ್ತು. ಎರಡೂ ಬದಿಯ ನೆಲದಿಂದ ಮಳೆಹುಳ ಏಳತೊಡಗಿದವು. ದಾದಾಸಾಹೇಬರು ತೋಳು ಸೋತರೂ ಛತ್ರಿ ಇಳಿಸಲಿಲ್ಲ. ಪದ ಹೇಳಿಕೊಳ್ಳಲೂ ಇಲ್ಲ. ಬುಟ್ಟಿಯನ್ನೇ ನೋಡುತ್ತಿದ್ದರು.

ತೋಟದ ಮನೆಯಲ್ಲಿ ದೀಪ ಹಚ್ಚಿರಲಿಲ್ಲ. ಚಾತುರ್ಮಾಸದ ಸಂಜೆ ಅಲ್ಲಿ ದೀಪ ಹಚ್ಚುವ ರೂಢಿಯೇ ಇಲ್ಲ, ಹುಳ ಬಂದು ಬೀಳುತ್ತವೆ ಎಂದು. ರೂಪಾಲಿ ಬಾಗಿಲಲ್ಲೇ ನಿಂತಿದ್ದಳು. ದಾದಾಸಾಹೇಬರ ಕೈ ಹಿಡಿದು ಇಳಿಸಿಕೊಂಡಳು. "ಇನ್ನೂ ಅದಾರ್ರಿ," ಎಂದಳು, ಅಷ್ಟೇ.

ಒಳಗೆ ಚಾಪೆಯ ಮೇಲೆ ಚಂದ್ರಮತಿ ಮಲಗಿದ್ದಳು. ಚಾಪೆಯ ಮೇಲೆ ಅರಿವೆ ಹಾಸಿಟ್ಟ ಹಾಗಿತ್ತು ಅವಳ ಮೈ. ಎದೆ ಏರಿತು. ಎಷ್ಟೋ ಹೊತ್ತಿನ ಮೇಲೆ ಇಳಿಯಿತು. ದಾದಾಸಾಹೇಬರು ಕೋಲನ್ನು ಗೋಡೆಗೆ ಆನಿಸಿ, ಸೊಂಟದ ನೋವು ನುಂಗಿ, ಅವಳ ತಲೆಯ ಹತ್ತಿರ ನೆಲದ ಮೇಲೆ ಕೂತರು.

"ಅಕ್ಕಾ. ಬಂದೀನಿ."

ಕಣ್ಣು ಅರ್ಧ ತೆರೆಯಿತು. ತುಟಿ ಅಲುಗಿತು. ದಾದಾಸಾಹೇಬರು ಕಿವಿ ತುಟಿಯ ಹತ್ತಿರ ಒಯ್ದರು.

"ಗಾಡಿ... ಅರಿವಿ..."

"ಐತಿ ಅಕ್ಕಾ. ಕಿತ್ತಿಲ್ಲ. ಒಂದ ಮಡಿಕಿ ಮಾಡೀವಿ, ಬುಟ್ಟಿಗೆ ಕಟ್ಟೀವಿ. ಅದಕ್ಕ ಉಸರ ಸಿಗವಲ್ದಾಗಿತ್ತು."

ಅವಳು ಅದನ್ನು ತೂಗಿ ನೋಡುವವಳಂತೆ ಕಣ್ಣು ಮುಚ್ಚಿ ತೆರೆದಳು. ಆಮೇಲೆ ಮತ್ತೆ ತುಟಿ ಅಲುಗಿತು. "ತಿರುವಿದೇನು?"

ದಾದಾಸಾಹೇಬರು ಸುಹಾಸನ ಕಡೆ ನೋಡಿದರು. ಬದುವಿನ ಮೇಲೆ ಒಮ್ಮೆ ತಿರುವಿದ್ದರು. ದಾರಿಯಲ್ಲಿ ಅರಿವೆಗೆ ಹತ್ತಿದ ಹುಳಗಳು ಅಂಗಳದಲ್ಲೇ, ಬುಟ್ಟಿಯ ಮೇಲೇ ಇದ್ದವು. ಸುಹಾಸ ಏಳುವಷ್ಟರಲ್ಲಿ, "ನೀ ಕೂಡ್ರು," ಎಂದು ದಾದಾಸಾಹೇಬರೇ ಗೋಡೆ ಹಿಡಿದು ಎದ್ದರು. ಅಂಗಳಕ್ಕೆ ಹೋಗಿ ಪಟ್ಟಿ ಬಿಚ್ಚಿದರು. ಅರಿವೆಯನ್ನು ಎರಡೂ ಕೈಯಲ್ಲಿ ಹಿಡಿದು, ಬಾವಿಯ ಪಕ್ಕದ ಹಸಿರಿನ ಮೇಲೆ ತಿರುವಿ, ಮೆಲ್ಲಗೆ, ಮಲಗಿದ ಕೂಸಿನ ಹೊದಿಕೆ ಜಾಡಿಸುವಂತೆ ಜಾಡಿಸಿದರು. ಹತ್ತಾರು ಮೇಲೆದ್ದು ಮಬ್ಬಿನಲ್ಲಿ ಹಾರಿದವು. ಕೆಲವು ಎಲೆಯ ಮೇಲೆ ನಡೆದವು. ಕೆಲವು ಬಿದ್ದಲ್ಲೇ ಇದ್ದವು. ಈ ಸಲ ಅವರು ನಿಂತು ನೋಡಿದರು.

ಮರಳಿ ಬಂದು ಕೂತಾಗ ಅಕ್ಕನ ಕಣ್ಣು ಅವರ ಮೇಲೇ ಇತ್ತು.

"ತಿರುವಿದೆ."

"ಎಲ್ಲಾ... ಹೋದ್ವು?"

ಹೌದು ಎನ್ನುವುದು ಸುಲಭವಿತ್ತು. ರೂಪಾಲಿ ಹಿಂದಿನಿಂದ, ಹೌದನ್ನಿರಿ ಎಂಬಂತೆ ತಲೆಯಾಡಿಸಿದಳು.

"ಇಲ್ಲ ಅಕ್ಕಾ," ಎಂದರು ದಾದಾಸಾಹೇಬರು. "ಕೆಲವು ಹೋದ್ವು. ಕೆಲವು ಹೋಗ್ಲಿಲ್ಲ."

ಚಂದ್ರಮತಿಯ ಎದೆ ಏರಿತು. ಇಳಿಯಿತು. "ಹಂಗಾರ," ಎಂದಳು, ಒಂದೊಂದೇ ಮಾತು ಕೊಡದಿಂದ ಸುರಿದಂತೆ, "ಅವನ್ನೂ ಸೇರಿಸಿ ಹೇಳು."

ದಾದಾಸಾಹೇಬರು ಒದ್ದೆ ಟೊಪ್ಪಿಗೆ ತೆಗೆದು ತೊಡೆಯ ಮೇಲಿಟ್ಟು, ಅಂಗೈ ಜೋಡಿಸಿ, ಮೊದಲ ಪದ್ಯ ಎತ್ತಿಕೊಂಡರು. ದನಿ ಮೊದಲು ಒಡೆಯಿತು, ಆಮೇಲೆ ತನ್ನ ಹಳೆಯ ಜಾಡು ಹಿಡಿಯಿತು. ಮಣ್ಣಿನ ಜೀವ ಬಂತು. ನೀರಿನದು, ಬೆಂಕಿಯದು ಬಂತು. ದಾರಿಯಲ್ಲಿ ಕೈಬಿಟ್ಟ ಗಾಳಿಯ ಸಾಲು ಕರೆಯದೆಯೇ ಬಂತು. ಸುಹಾಸ ಹೊಸ್ತಿಲಲ್ಲಿ ಕೂತು, ಎರಡೂ ಕೈಯಿಂದ ತಾಯಿಯ ಪಾದ ಹಿಡಿದಿದ್ದ. ಹೊರಗೆ ಬೆಳಕು ಪೂರಾ ಹೋಗಿ, ಒಳಗೆ ದನಿಯೊಂದೇ ಉಳಿಯಿತು.

ಹಾರುವ ಜೀವಗಳ ಪದ್ಯಕ್ಕೆ ಬಂದಾಗ ದಾದಾಸಾಹೇಬರು ಒಂದು ಕ್ಷಣ ತಡೆದರು. ತಂದೆಯ ಪದಗಳಿಗೆ ಅವರು ಎಂದೂ ಒಂದಕ್ಷರ ಕೂಡಿಸಿದವರಲ್ಲ, ಕಳೆದವರಲ್ಲ. ಈಗ ಅದೇ ಧಾಟಿಯಲ್ಲಿ, ಅದೇ ನಡೆಯಲ್ಲಿ, ತಂದೆ ಹೇಳದ ಒಂದು ಸಾಲು ಹೇಳಿದರು: ಅರಿವೆಗೆ ಹತ್ತಿ ಉಳಿದವಕ್ಕೆ, ಬದುವಿನ ಹುಲ್ಲಿನಲ್ಲಿ ಮತ್ತು ಬಾವಿಯ ಪಕ್ಕದಲ್ಲಿ ಏಳದೆ ಉಳಿದವಕ್ಕೆ, ಅವಸರದಲ್ಲಿ ಬಂದ ತಮ್ಮನೊಬ್ಬ ಕೇಳುವ ಕ್ಷಮೆ. ಹೇಳಿ, ತಪ್ಪಿದ ಹುಡುಗನಂತೆ ಕಾದರು.

ಚಂದ್ರಮತಿಯ ಎದೆ ಏರಿ ಇಳಿಯುತ್ತಿತ್ತು. ಚಾಪೆಯ ಅಂಚಿನಲ್ಲಿದ್ದ ಅವಳ ಬೆರಳು ಮೇಲೆದ್ದಿತು. ಅದು ನೆಲಕ್ಕೆ ಬಡಿದರೆ ಸಾಲನ್ನು ಮೊದಲಿನಿಂದ ಹೇಳಬೇಕು. ಕತ್ತಲಲ್ಲೂ ದಾದಾಸಾಹೇಬರಿಗೆ ಆ ಬೆರಳು ಕಾಣುತ್ತಿತ್ತು.

ಬೆರಳು ನೆಲಕ್ಕೆ ಇಳಿಯಿತು. ಬಡಿಯಲಿಲ್ಲ. ತಮ್ಮನ ಮೊಳಕಾಲಿನ ತನಕ ಸರಿದು ಬಂದು ಅಲ್ಲೇ ನಿಂತಿತು.

ದಾದಾಸಾಹೇಬರು ಮುಂದಿನ ಪದ್ಯ ಹಿಡಿದರು.